ಹನ್ನೊಂದು ಜನರೂ ಒಂದೇ ರೀತಿ ಕಾಣುವುದೇಕೆ?

ಪ್ರಶ್ನೆ: ನಮ್ಮದು ಬೇಲೂರು ತಾಲ್ಲೂಕಿನಲ್ಲಿ ಮಲೆನಾಡಿನ ಸೆರಗಿಗೆ ಸೇರಿದ ಸಣ್ಣ ಊರು. ಕೆರೆಯ ಕೆಳಗೆ ಗದ್ದೆ, ಮೇಲಕ್ಕೆ ಕಾಫಿ ತೋಟ. ಕಳೆದ ಎರಡು ವರ್ಷಗಳಲ್ಲಿ ಊರಿನ ಹನ್ನೊಂದು ಜನ ಹಿರಿಯರು ತೀರಿಕೊಂಡಿದ್ದಾರೆ. ಅವರ ಬದುಕನ್ನು ಕುರಿತು ಒಂದು ಪುಸ್ತಿಕೆ ತರಬೇಕೆಂದು ನಾವು ನಾಲ್ಕೈದು ಗೆಳೆಯರು ಬರೆಯಲು ಕುಳಿತೆವು. ಆದರೆ ಯಾರ ಬಗ್ಗೆ ಬರೆದರೂ ‘ಸರಳ ಸಜ್ಜನರು, ಕಷ್ಟಜೀವಿಗಳು’ ಎಂದೇ ಬರುತ್ತಿದೆ. ಹೆಸರು ಬದಲಿಸಿದರೆ ಒಬ್ಬರ ಬರಹ ಇನ್ನೊಬ್ಬರಿಗೂ ಹೊಂದುತ್ತದೆ. ತೋಟದ ಲೈನ್ ಮನೆಯಲ್ಲಿದ್ದ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿದ್ದ, ಇಬ್ಬರನ್ನು ಸೇರಿಸುವ ಬಗ್ಗೆ ನಮ್ಮಲ್ಲಿ ಒಮ್ಮತವಿಲ್ಲ. ಒಬ್ಬರು ಸಾಲದ ಹೊರೆ ತಾಳದೆ ಪ್ರಾಣ ಕಳೆದುಕೊಂಡವರು, ಅದನ್ನು ಬರೆಯಬಹುದೇ? ಇಸವಿಗಳನ್ನು ಗೊತ್ತುಮಾಡುವುದು ಹೇಗೆ, ಎಲ್ಲಿಂದ ಆರಂಭಿಸಬೇಕು ಎಂಬುದನ್ನೂ ತಿಳಿಸಿ. ಹನ್ನೊಂದು ಜನರ ಪಟ್ಟಿಯನ್ನೂ ನಮಗೆ ತಿಳಿದಷ್ಟು ವಿವರವನ್ನೂ ಮೂರು ಕರಡುಗಳನ್ನೂ ಜೊತೆಗಿಟ್ಟಿದ್ದೇವೆ.

ಉತ್ತರ: ನೀವು ಕಳುಹಿಸಿದ ಮೂರು ಕರಡುಗಳನ್ನು ಓದಿದೆ. ನಿಮ್ಮ ಭಾಷೆಯಲ್ಲಿ ದೋಷವಿಲ್ಲ. ದೋಷವಿರುವುದು ನೀವು ಮನೆಯವರನ್ನು ಕೇಳಿದ ಪ್ರಶ್ನೆಯಲ್ಲಿ. ‘ಅವರು ಹೇಗಿದ್ದರು?’ ಎಂದು ಸತ್ತವರ ಮಕ್ಕಳನ್ನು ಕೇಳಿದರೆ ‘ದೇವರಂಥವರು’ ಎಂಬುದಕ್ಕಿಂತ ಬೇರೆ ಉತ್ತರ ಬರಲು ಸಾಧ್ಯವಿಲ್ಲ. ತಿಥಿಯ ದಿನ ಶಾಮಿಯಾನದ ಮುಂದೆ ಕಟ್ಟುವ ಫ್ಲೆಕ್ಸಿನ ಮೇಲೆ ಆ ಮಾತು ಸಲ್ಲುತ್ತದೆ, ಏಕೆಂದರೆ ಅಲ್ಲಿಗೆ ಬಂದವರೆಲ್ಲ ಆ ವ್ಯಕ್ತಿಯನ್ನು ಬಲ್ಲವರೇ ಆಗಿರುತ್ತಾರೆ ಮತ್ತು ಫ್ಲೆಕ್ಸು ಅವರಿಗೆ ಹೊಸದೇನನ್ನೂ ತಿಳಿಸಬೇಕಾಗಿರುವುದಿಲ್ಲ. ನಿಮ್ಮ ಪುಸ್ತಿಕೆಯನ್ನು ಮೂವತ್ತು ವರ್ಷಗಳ ಮೇಲೆ ಓದುವವರು ಈ ಹನ್ನೊಂದು ಜನರನ್ನು ಕಣ್ಣಿಂದ ಕಂಡವರಲ್ಲ. ಅವರಿಗೆ ಗುಣವಾಚಕಗಳಿಂದ ಏನೂ ಸಿಗುವುದಿಲ್ಲ. ಸಿಗುವುದು ಆ ವ್ಯಕ್ತಿ ಮಾಡುತ್ತಿದ್ದ ಕೆಲಸದ ವಿವರದಿಂದ ಮಾತ್ರ ಎಂಬುದು ನನ್ನ ಅಭಿಪ್ರಾಯ. ಮುಂದೆ ಹೇಳುವುದೆಲ್ಲ ಅದರದೇ ವಿಸ್ತಾರ.

ಈ ವಿಷಯದಲ್ಲಿ ನಿಮ್ಮ ಸುತ್ತಲಿನ ಕಲ್ಲುಗಳಿಂದ ಕಲಿಯಬೇಕಾದದ್ದೂ ಇದೆ, ಬಿಡಬೇಕಾದದ್ದೂ ಇದೆ. ಸುಮಾರು ಕ್ರಿ.ಶ. 450ರದೆಂದು ಗುರುತಿಸಲಾದ, 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನ ನಿಮ್ಮ ತಾಲ್ಲೂಕಿನದೇ. ಅದರಲ್ಲಿ ವಿಜಅರಸನನ್ನು ಬರಿದೇ ಶೂರನೆಂದು ಕೊಂಡಾಡಿ ಕೈಬಿಟ್ಟಿಲ್ಲ. ಅವನ ಹೋರಾಟಕ್ಕೆ ಬಾಳ್ಗಳ್ಚಾಗಿ, ಅಂದರೆ ಕತ್ತಿ ತೊಳೆಯುವ ಗೌರವದ ದತ್ತಿಯಾಗಿ, ಯಾವ ಎರಡು ಊರುಗಳನ್ನು ಕೊಟ್ಟರೆಂಬುದನ್ನು ಹೆಸರು ಹಿಡಿದು ಹೇಳಿದೆ. ಕೆರೆಯ ಏರಿಯ ಮೇಲೋ ಊರ ಬಾಗಿಲಿನ ಬಳಿಯೋ ನಿಂತಿರುವ ವೀರಗಲ್ಲುಗಳಲ್ಲಿ ಅಕ್ಷರ ಉಳಿದಿದ್ದರೆ ಓದಿಸಿ ನೋಡಿ: ಯಾರ ದನಗಳನ್ನು ಯಾರು ಹಿಡಿದರು, ಯಾರು ಅಡ್ಡ ನಿಂತು ಕಾದಿ ಸತ್ತರು, ಕಲ್ಲನ್ನು ನಿಲ್ಲಿಸಿದವರು ಅಣ್ಣನೋ ಮಗನೋ ಎಂಬುದೆಲ್ಲ ಅನೇಕ ಕಲ್ಲುಗಳಲ್ಲಿ ಇರುತ್ತದೆ. ಈ ಖಚಿತತೆಯನ್ನು ಅವುಗಳಿಂದ ಪಡೆಯಿರಿ. ಆದರೆ ವೀರಗಲ್ಲಿನಲ್ಲಿ ಉಳಿದಿರುವುದು ಒಬ್ಬನ ಕೊನೆಯ ಒಂದು ದಿನ. ಅದಕ್ಕೆ ಮುಂಚಿನ ನಲವತ್ತು ವರ್ಷ ಅವನು ಏನು ಉತ್ತ, ಏನು ಉಂಡ ಎಂಬುದು ಆ ಕಲ್ಲಿನಲ್ಲಿಲ್ಲ. ನೀವು ಬರೆಯಬೇಕಾದದ್ದು ಆ ನಲವತ್ತು ವರ್ಷಗಳನ್ನು.

ನಿಮ್ಮ ಪಟ್ಟಿಯ ಎರಡನೆಯವರು ಕೆರೆಯ ನೀರುಗಂಟಿಯ ಕೆಲಸ ಮಾಡುತ್ತಿದ್ದರೆಂದು ಬರೆದಿದ್ದೀರಿ. ಕರಡಿನಲ್ಲಿ ಅದಕ್ಕೆ ಸಿಕ್ಕಿರುವುದು ಅರ್ಧ ಸಾಲು. ‘ಪ್ರಾಮಾಣಿಕತೆಗೆ ಹೆಸರಾಗಿದ್ದರು’ ಎಂಬುದಕ್ಕೆ ಎರಡು ಸಾಲು. ಇದನ್ನು ತಿರುವಿ ಹಾಕಬೇಕು. ಮಾದರಿಗಾಗಿ ನಾನೇ ಕಲ್ಪಿಸಿಕೊಂಡ ಕೆಲವು ಸಾಲುಗಳನ್ನು ಕೊಡುತ್ತೇನೆ: ‘ಕೆರೆಯಲ್ಲಿ ನೀರು ಇಳಿದ ವರ್ಷ ಮೇಲಿನ ಗದ್ದೆಗಳಿಗೆ ಹಗಲು, ಕೆಳಗಿನವಕ್ಕೆ ರಾತ್ರಿ ಎಂದು ಸರದಿ ಗೊತ್ತುಮಾಡುತ್ತಿದ್ದವರು ಇವರು. ರಾತ್ರಿಯ ಸರದಿಗೆ ಲಾಟೀನು ಹಿಡಿದು, ಕಂಬಳಿ ಹೊದ್ದು ತಾವೇ ಏರಿಯ ಮೇಲೆ ಕೂರುತ್ತಿದ್ದರು. ಅವರ ಸ್ವಂತ ಹತ್ತು ಗುಂಟೆ ಕಾಲುವೆಯ ತುದಿಯಲ್ಲಿತ್ತು. ಎರಡು ವರ್ಷ ಅದು ಒಣಗಿತು. ತೂಬನ್ನು ಬೇರೆ ಯಾರಾದರೂ ಮುಟ್ಟಿದ್ದು ತಿಳಿದರೆ ಅವರೊಡನೆ ವಾರಗಟ್ಟಲೆ ಮಾತು ಬಿಡುತ್ತಿದ್ದರು.’ ಇಲ್ಲಿ ಪ್ರಾಮಾಣಿಕ ಎಂಬ ಪದವೂ ಇಲ್ಲ, ಮುಂಗೋಪಿ ಎಂಬ ಪದವೂ ಇಲ್ಲ. ಓದುವವರಿಗೆ ಎರಡೂ ತಿಳಿಯುತ್ತವೆ. ಈ ಸಾಲುಗಳನ್ನು ಪಟ್ಟಿಯ ಬೇರೆ ಹತ್ತು ಜನರಲ್ಲಿ ಯಾರಿಗೂ ಹೊಂದಿಸಲು ಬರುವುದಿಲ್ಲ ಎಂಬುದನ್ನೂ ಗಮನಿಸಿ. ಅಷ್ಟೇ ಅಲ್ಲದೆ, ಯಾವ ಗದ್ದೆಯಿಂದ ಸರದಿ ಆರಂಭವಾಗುತ್ತಿತ್ತು, ಬರಗಾಲದಲ್ಲಿ ಯಾರಿಗೆ ಎಷ್ಟು ಕಡಿತ ಎಂಬ ಲೆಕ್ಕ ಎಲ್ಲಿಯೂ ಬರೆದಿಟ್ಟದ್ದಲ್ಲ. ಅದು ಆ ಒಬ್ಬರ ತಲೆಯಲ್ಲಿತ್ತು. ಅವರೊಡನೆ ಏರಿಯ ಮೇಲೆ ಓಡಾಡಿದವರು ಇನ್ನೂ ಇದ್ದರೆ ಈಗಲೇ ಕೇಳಿ ಬರೆದುಕೊಳ್ಳಿ.

ಹಾಗಾಗಿ ಪ್ರಶ್ನೆಗಳು ಕೈಗೆ ಸಿಗುವಂಥವಾಗಿರಬೇಕು. ಬೆಳಿಗ್ಗೆ ಎದ್ದು ಮೊದಲು ಎಲ್ಲಿಗೆ ಹೋಗುತ್ತಿದ್ದರು? ಮೊದಲ ಕೂಲಿ ಎಷ್ಟು, ಕೊಟ್ಟವರು ಯಾರು? ಯಾವ ಮಾತಿಗೆ ಸಿಟ್ಟು ಬರುತ್ತಿತ್ತು? ಯಾವ ಹಾದಿಯಲ್ಲಿ ನಡೆಯುತ್ತಿರಲಿಲ್ಲ? ಅವರು ಹೋದ ಮೇಲೆ ಮನೆಯಲ್ಲಿ ಯಾವ ಕೆಲಸ ನಿಂತುಹೋಗಿದೆ? ಈ ಕೊನೆಯ ಪ್ರಶ್ನೆಗೆ ಬರುವಷ್ಟು ಒಳ್ಳೆಯ ಉತ್ತರ ಬೇರೆ ಯಾವುದಕ್ಕೂ ಬಂದದ್ದನ್ನು ನಾನು ಕಂಡಿಲ್ಲ. ತೋಟದಲ್ಲಿ ದುಡಿದವರಾದರೆ ‘ತೋಟದ ಕೆಲಸ’ ಎಂದು ಬರೆದು ಮುಗಿಸಬೇಡಿ. ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರಲು, ಮರ ಹತ್ತುತ್ತಿದ್ದವರ ಬದುಕೇ ಬೇರೆ, ಕಣದಲ್ಲಿ ಕಾಫಿ ಕಾಯುತ್ತಿದ್ದವರ ಬದುಕೇ ಬೇರೆ. ಹಾಜರಿ ಬರೆಯುತ್ತಿದ್ದ ರೈಟರನ್ನು ತೋಟದ ಆಳುಗಳು ನೆನೆಯುವ ಬಗೆ ಇನ್ನೂ ಬೇರೆ.

ಹೆಂಗಸರ ವಿಷಯದಲ್ಲಿ ಎರಡು ಪಟ್ಟು ಎಚ್ಚರ ಬೇಕು. ನಮ್ಮ ಕಂದಾಯ ದಾಖಲೆಗಳಲ್ಲಿ ಗಂಡಸು ‘ಬಿನ್’ ಎಂದು ತಂದೆಯ ಹೆಸರಿಗೂ ಹೆಂಗಸು ‘ಕೋಂ’ ಎಂದು ಗಂಡನ ಹೆಸರಿಗೂ ಅಂಟಿಕೊಂಡಿರುತ್ತಾರೆ. ಮದುವೆಗೆ ಮುಂಚಿನ ಹದಿನೈದು ಹದಿನೆಂಟು ವರ್ಷಗಳು ಗಂಡನ ಊರಿನ ಯಾವ ಕಾಗದದಲ್ಲಿಯೂ ಇರುವುದಿಲ್ಲ, ಅನೇಕ ವೇಳೆ ಗಂಡುಮಕ್ಕಳಿಗೂ ತಿಳಿದಿರುವುದಿಲ್ಲ. ನನ್ನದೇ ಒಂದು ತಪ್ಪನ್ನು ಹೇಳಬೇಕು. ಬಹಳ ಹಿಂದೆ ನಮ್ಮ ನೆರೆಯ ಅಜ್ಜಿಯೊಬ್ಬರು ತೀರಿಕೊಂಡಾಗ, ಊರಿನಲ್ಲಿ ನೂರಾರು ಹೆರಿಗೆ ಮಾಡಿಸಿದ್ದ ಅವರ ಬಗ್ಗೆ ನಾಲ್ಕು ಪುಟ ಬರೆದು ವರ್ಷದ ತಿಥಿಯಲ್ಲಿ ಓದಿದೆ. ಗಂಡುಮಕ್ಕಳನ್ನು ಕೇಳಿಕೊಂಡೇ ಬರೆದದ್ದು. ‘ಅಕ್ಷರ ಬಾರದಿದ್ದರೂ’ ಎಂಬ ಮಾತನ್ನು ಎರಡು ಕಡೆ ಸೇರಿಸಿದ್ದೆ, ಏಕೆಂದರೆ ಅವರು ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದುದನ್ನು ಎಲ್ಲರೂ ನೋಡಿದ್ದರು. ಓದಿ ಮುಗಿಸಿದ ಮೇಲೆ ಕಡೂರಿನ ಕಡೆಗೆ ಕೊಟ್ಟಿದ್ದ ಮಗಳು ಒಂದು ಹಳೆಯ ಇನ್‌ಲ್ಯಾಂಡ್ ಪತ್ರವನ್ನು ತಂದು ನನ್ನ ಕೈಗಿಟ್ಟರು. ಅವ್ವ ತನ್ನ ಕೈಯಾರೆ ಬರೆದದ್ದು. ತವರಿನಲ್ಲಿ ಮೂರನೆಯ ತರಗತಿಯವರೆಗೆ ಓದಿದ್ದರಂತೆ. ಗಂಡನಿಗೆ ಅಕ್ಷರ ಬಾರದು ಎಂಬ ಕಾರಣಕ್ಕೆ ಅತ್ತೆಮನೆಯಲ್ಲಿ ಆಯುಷ್ಯಪೂರ್ತಿ ಅದನ್ನು ತೋರಿಸಿಕೊಳ್ಳಲಿಲ್ಲವಂತೆ. ಆ ದಿನದಿಂದ ನಾನು ಹೆಣ್ಣುಮಕ್ಕಳನ್ನೂ ತವರಿನವರನ್ನೂ ಕೇಳದೆ ಯಾವ ಹೆಂಗಸಿನ ಬಗ್ಗೆಯೂ ಬರೆದಿಲ್ಲ.

ಇಸವಿಗಳ ಬಗ್ಗೆ ಕೇಳಿದ್ದೀರಿ. ಸಾವಿನ ದಿನಾಂಕದಲ್ಲಿ ತೊಂದರೆಯಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ 21 ದಿನಗಳೊಳಗೆ ಸಾವನ್ನು ತಿಳಿಸಬೇಕಾದ್ದರಿಂದ ಮರಣ ಪ್ರಮಾಣಪತ್ರದಲ್ಲಿನ ದಿನಾಂಕವನ್ನು ಸಾಮಾನ್ಯವಾಗಿ ನಂಬಬಹುದು. ಆದರೆ ಅದರಲ್ಲಿ ನಮೂದಾದ ವಯಸ್ಸು ಮನೆಯವರು ಬಾಯಲ್ಲಿ ಹೇಳಿದ್ದು. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿದ್ದರೆ ಅದು ಹುಟ್ಟಿದ ದಿನವಲ್ಲ, ವಯಸ್ಸಿನ ಅಂದಾಜು ಎಂದೇ ಬಹಳ ಮಟ್ಟಿಗೆ ತಿಳಿಯಬೇಕು. ಶಾಲೆಯ ದಾಖಲಾತಿ ಪುಸ್ತಕ ಇವಕ್ಕಿಂತ ಹಳೆಯದು, ಆದರೆ ಅಲ್ಲಿಯೂ ಮಗುವನ್ನು ಸೇರಿಸಿಕೊಳ್ಳಲು ಅನುಕೂಲವಾಗುವಂತೆ ಮೇಷ್ಟ್ರು ಬರೆದ ದಿನಾಂಕಗಳು ಧಾರಾಳವಾಗಿವೆ. ಆದ್ದರಿಂದ ಹಿರಿಯರ ನೆನಪಿನಲ್ಲಿರುವ ಗುರುತುಗಳನ್ನು ಹಿಡಿದು ಇಸವಿಗೆ ಬರುವುದು ಹೆಚ್ಚು ಭದ್ರ. ಒಬ್ಬರು ‘ವಿಕ್ರಮ ಸಂವತ್ಸರದಲ್ಲಿ ಹುಟ್ಟಿದವಳು’ ಎಂದರೆ, 1927ರ ಯುಗಾದಿಗೆ ಅರುವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವ ಆರಂಭವಾಯಿತೆಂದು ಎಣಿಸುತ್ತಾ ಹೋದರೆ ಹದಿನಾಲ್ಕನೆಯದು ವಿಕ್ರಮ. ಅಂದರೆ 1940ರ ಯುಗಾದಿಯಿಂದ 1941ರ ಯುಗಾದಿಯವರೆಗೆ. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟ್ 3ರಂದು, ಅದೇ ಸಂವತ್ಸರದಲ್ಲಿ. ‘ಮಹಾರಾಜರು ಹೋದಾಗ ನಾನು ಬಾಣಂತಿ’ ಎಂದು ತಾಯಿ ಹೇಳುತ್ತಿದ್ದ ಮಾತು ಮನೆಯಲ್ಲಿ ಉಳಿದಿದ್ದರೆ ಮಗುವಿನ ಹುಟ್ಟು ತಿಂಗಳ ಲೆಕ್ಕಕ್ಕೇ ಸಿಗುತ್ತದೆ.

ಮದುವೆ, ಮನೆ ಕಟ್ಟಿದ್ದು, ಪಾಲಾದದ್ದು ಮುಂತಾದವಕ್ಕೂ ಇಂಥ ಗೂಟಗಳಿವೆ. ಆಣೆ ಹೋಗಿ ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಕೂಲಿಯನ್ನು ಆಣೆಯಲ್ಲಿ ಹೇಳುತ್ತಿದ್ದಾರೆಯೇ ಪೈಸೆಯಲ್ಲಿಯೇ ಎಂದು ಗಮನಿಸಿದರೆ ಕಾಲ ಅರ್ಧ ನಿಶ್ಚಯವಾದಂತೆ. ಶಾನುಭೋಗ, ಪಟೇಲ ಮೊದಲಾದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಗೇಣಿದಾರರು ತಾವು ಉಳುತ್ತಿದ್ದ ಭೂಮಿಯ ಒಡೆತನ ಕೋರುವ ಏಳನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಗೆ ಅಲೆದದ್ದು 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆಯ ನಂತರ. ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ಲೋಕಸಭೆಗೆ ನಿಂತ ಉಪಚುನಾವಣೆ 1978ರ ನವೆಂಬರ್‌ನದು. ನಿಮ್ಮ ಭಾಗದಲ್ಲಿ ಆ ವರ್ಷವನ್ನು ಮರೆತ ಹಿರಿಯರು ಕಡಿಮೆ. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿಯ ಬೆಲೆ ಏರಿದ್ದು 1994ರಲ್ಲಿ. ನಿಮ್ಮ ಊರಿನ ಎಷ್ಟು ಮನೆಗಳಿಗೆ ಹೆಂಚು ಹೋಗಿ ಆರ್‌ಸಿಸಿ ಬಂದದ್ದು ಆ ಒಂದೆರಡು ವರ್ಷಗಳಲ್ಲಿ ಎಂದು ಒಮ್ಮೆ ಎಣಿಸಿ ನೋಡಿ. ತಿಂಗಳನ್ನು ಗೊತ್ತುಮಾಡಲು ಬೇಲೂರಿನ ತೇರು, ಹಾಸನಾಂಬೆಯ ಬಾಗಿಲು ತೆಗೆಯುವ ದಿನಗಳು, ಹೂಮಳೆ, ಕಾಫಿ ಕುಯ್ಲು ಇವು ಸಾಕು. ಗುರುತಿನಿಂದ ತಲುಪಿದ ಇಸವಿಯನ್ನು ‘ಸುಮಾರು’ ಎಂದೇ ಬರೆದು, ಯಾವ ಗುರುತಿನಿಂದ ಎಂಬುದನ್ನೂ ಒಂದು ಮಾತಿನಲ್ಲಿ ತಿಳಿಸಿ. ದಾಖಲೆಯ ಇಸವಿಯೂ ನೆನಪಿನ ಇಸವಿಯೂ ಹೊಂದದಿದ್ದರೆ ಎರಡನ್ನೂ ಕೊಡಿ.

ಕಾಗದಪತ್ರಗಳ ವಿಷಯದಲ್ಲಿ ಸಮಯವೇ ಮುಖ್ಯ. ಸೂತಕ ಕಳೆಯಲು ಮನೆ ತೊಳೆಯುವಾಗ ಹಾಸಿಗೆ ಬಟ್ಟೆಗಳ ಜೊತೆಗೆ ತಲೆದಿಂಬಿನ ಕೆಳಗಿನ ಚೀಟಿ, ಟ್ರಂಕಿನ ತಳದ ಕಂತೆ ಎಲ್ಲವೂ ಹೊರಗೆ ಹೋಗುತ್ತವೆ. ಉಳಿದದ್ದು ಪಾಲಾಗುವಾಗ ಹೋಗುತ್ತದೆ, ಏಕೆಂದರೆ ಆಗ ಪಹಣಿ ಪತ್ರಗಳನ್ನು ಬಿಟ್ಟು ಬೇರೆ ಕಾಗದದ ಮೇಲೆ ಯಾರಿಗೂ ಆಸೆಯಿರುವುದಿಲ್ಲ. ಸಾವಿನ ಮನೆಯಲ್ಲಿ ಪೆನ್ನು ಪುಸ್ತಕ ಹಿಡಿದು ಕೂರುವುದು ಅಸಹ್ಯ. ತಿಥಿ ಮುಗಿಯುವವರೆಗೆ ಏನನ್ನೂ ಕೇಳಬೇಡಿ. ಆದರೆ ಮನೆಯ ಹಿರಿಯರೊಬ್ಬರ ಕಿವಿಯಲ್ಲಿ ‘ಕಾಗದಗಳನ್ನು ಸುಡಿಸಬೇಡಿ, ಒಂದು ಚೀಲದಲ್ಲಿ ಕಟ್ಟಿಡಿ’ ಎಂದು ಹೇಳಿ ಬರುವುದರಲ್ಲಿ ತಪ್ಪಿಲ್ಲ. ಆ ಚೀಲದಲ್ಲಿ ಸಹಕಾರ ಸಂಘದ ಪಾಸ್ ಪುಸ್ತಕ, ಡೈರಿಗೆ ಹಾಲು ಹಾಕಿದ ಕಾರ್ಡು, ಮದುವೆಯ ಖರ್ಚಿನ ಪಟ್ಟಿ, ಮುಯ್ಯಿ ಬರೆದ ನೋಟುಪುಸ್ತಕ ಸಿಗಬಹುದು. ಮುಯ್ಯಿಯ ಪುಸ್ತಕ ಸಿಕ್ಕರೆ ನಿಮ್ಮ ಅದೃಷ್ಟ. ಆ ಮನೆಗೆ ಯಾರೊಡನೆ ಬಳಕೆಯಿತ್ತು, ಯಾವ ವರ್ಷದಿಂದ ಯಾರ ಹೆಸರು ತಪ್ಪಿತು ಎಂಬುದು ಅದರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಫೋಟೋಗಳ ಹಿಂಬದಿಯ ಸ್ಟುಡಿಯೋ ಮುದ್ರೆಯನ್ನೂ ನೋಡಿ. ಹೆಳವರು ನಿಮ್ಮ ಕಡೆಗೆ ಈಗಲೂ ಬರುವುದಾದರೆ, ಅವರು ಎತ್ತಿನೊಡನೆ ಬಂದು ಹೇಳುವ ವಂಶದ ಹೆಸರುಗಳನ್ನು ಧ್ವನಿಮುದ್ರಿಸಿಕೊಳ್ಳಿ. ಆದರೆ ಅಲ್ಲಿ ಬರುವುದು ಹೆಚ್ಚಾಗಿ ಗಂಡಸರ ಸಾಲು ಎಂಬುದು ನೆನಪಿರಲಿ.

ಲೈನ್ ಮನೆಯ ಇಬ್ಬರನ್ನು ಸೇರಿಸಲೇಬೇಕು. ‘ಅವರು ನಮ್ಮ ಊರಿನವರಲ್ಲ, ತೋಟದವರು’ ಎಂಬ ನಿಮ್ಮ ಗೆಳೆಯರ ವಾದವನ್ನು ನಾನು ಒಪ್ಪುವುದಿಲ್ಲ. ನೀವೇ ಬರೆದಂತೆ ಅವರಲ್ಲಿ ಒಬ್ಬರು ಮೂವತ್ತೆಂಟು ವರ್ಷ ಅಲ್ಲಿದ್ದರು. ನಿಮ್ಮ ಪಟ್ಟಿಯ ಐದನೆಯವರು ಬೆಂಗಳೂರಿನಲ್ಲಿಯೇ ಅದಕ್ಕಿಂತ ಹೆಚ್ಚು ಕಾಲ ಇದ್ದು ಕೊನೆಯ ನಾಲ್ಕು ವರ್ಷ ಊರಿಗೆ ಬಂದವರು. ಅವರನ್ನು ಸೇರಿಸುವ ಬಗ್ಗೆ ಯಾರಿಗೂ ಸಂಶಯ ಬರಲಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ, ದೊರೆಗಾಗಿ ಪ್ರಾಣ ಬಿಟ್ಟವರ ನೆನಪಿಗೆ ನಿಲ್ಲಿಸಿದ ಗರುಡಗಂಬಕ್ಕೆ ಒಮ್ಮೆ ಹೋಗಿ ಬನ್ನಿ. ಎರಡನೆಯ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಅಲ್ಲಿ ಹೆಸರಿನೊಡನೆ ಉಳಿದಿದ್ದಾರೆ. ಅವರೊಡನೆ ಸತ್ತವರು ‘ಸಾವಿರ’ ಎಂಬ ಲೆಕ್ಕದಲ್ಲಿ ಉಳಿದಿದ್ದಾರೆ. ತೋಟದ ಕಾರ್ಮಿಕರ ಗತಿಯೂ ಬಹುಮಟ್ಟಿಗೆ ಇದೇ: ಹಾಜರಿ ಪುಸ್ತಕವಾದ ಚೆಕ್‌ರೋಲಿನಲ್ಲಿ ಅವರು ದಿನಕ್ಕೊಂದು ಗೀಟು. ತೋಟದ ಕಚೇರಿಯವರು ಒಪ್ಪಿದರೆ ಹಳೆಯ ಚೆಕ್‌ರೋಲನ್ನು ನೋಡಿ, ಯಾವ ವರ್ಷ ಸೇರಿದರು, ಯಾವ ತಿಂಗಳುಗಳಲ್ಲಿ ಹಾಜರಿಯಿಲ್ಲ ಎಂಬುದು ತಿಳಿಯುತ್ತದೆ. ಹಾಜರಿಯಿಲ್ಲದ ತಿಂಗಳು ಹೆರಿಗೆಯದೋ ಕಾಯಿಲೆಯದೋ ಊರಿಗೆ ಹೋದದ್ದೋ ಎಂದು ಪಕ್ಕದ ಮನೆಯವರನ್ನು ಕೇಳಿ. ಅವರನ್ನು ಕರೆತಂದ ಮೇಸ್ತ್ರಿ ಯಾರು, ಯಾವ ಊರಿನಿಂದ, ಅಲ್ಲಿ ಯಾರಿದ್ದಾರೆ ಎಂಬುದನ್ನೂ ವಿಚಾರಿಸಿ. ಮನೆಯೊಳಗೆ ಅವರು ಆಡುತ್ತಿದ್ದ ಭಾಷೆ ತಮಿಳೋ ತುಳುವೋ ಆಗಿದ್ದರೆ ಅವರ ಮಾತನ್ನು ನಿಮ್ಮ ಕನ್ನಡಕ್ಕೆ ತಿದ್ದಿ ನುಣುಪು ಮಾಡದೆ, ಭಾಷೆ ಬಲ್ಲವರ ಸಹಾಯದಿಂದ ಬರೆಯಿರಿ. ಪುಸ್ತಿಕೆಯ ಕೊನೆಯಲ್ಲಿ ‘ಇತರರು’ ಎಂದು ಬೇರೆ ವಿಭಾಗ ಮಾಡಬೇಡಿ. ತೀರಿಕೊಂಡ ದಿನಾಂಕದ ಕ್ರಮದಲ್ಲಿ ಹನ್ನೊಂದು ಜನರನ್ನೂ ಒಟ್ಟಿಗೆ ಇಡಿ.

ಇನ್ನು ಪ್ರಾಣ ಕಳೆದುಕೊಂಡವರ ವಿಷಯ. ಮೊದಲಿಗೆ, ಅವರ ಬದುಕನ್ನು ಬೇರೆಯವರದನ್ನು ಬರೆದಂತೆಯೇ ಬರೆಯಿರಿ: ಯಾವ ಎತ್ತು ಕಟ್ಟಿದ್ದರು, ಯಾವ ಶುಂಠಿಗೋ ಆಲೂಗೆಡ್ಡೆಗೋ ಕೈ ಹಾಕಿದರು, ಯಾರಿಗೆ ನೆರವಾದರು, ಸಂಜೆ ಯಾರ ಜಗಲಿಯಲ್ಲಿ ಕೂರುತ್ತಿದ್ದರು. ಕೊನೆಯ ದಿನದಿಂದ ಆರಂಭಿಸಿದರೆ ಅವರ ಅರುವತ್ತು ವರ್ಷವೂ ಆ ದಿನದ ಪೀಠಿಕೆಯಂತೆ ಕಾಣುತ್ತದೆ. ಸಾವಿನ ಕಾರಣವನ್ನು ಹೇಳಬೇಕೋ ಬೇಡವೋ ಎಂಬುದನ್ನು ಹೆಂಡತಿ ಮಕ್ಕಳೇ ತೀರ್ಮಾನಿಸಬೇಕು. ಊರಿಗೆಲ್ಲ ಗೊತ್ತಿದೆ ಎಂಬುದು ಅಚ್ಚು ಹಾಕಲು ಕಾರಣವಾಗುವುದಿಲ್ಲ. ಅವರು ಒಪ್ಪಿದರೆ ಸಾಲದ ಸಂಗತಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಸತ್ತ ಬಗೆಯ ವಿವರ ಬೇಡವೇ ಬೇಡ, ಅದೇ ಸಂಕಟದಲ್ಲಿರುವವರು ಓದುವ ಪುಸ್ತಕದಲ್ಲಿ ಅಂಥ ವಿವರ ಅಪಾಯ. ಸಾಲ ಕೊಟ್ಟವರ ಹೆಸರೂ ಬೇಡ. ಮನೆಯವರು ಒಪ್ಪದಿದ್ದರೆ ‘ತೀರಿಕೊಂಡರು’ ಎಂದು ಬರೆದು ದಿನಾಂಕ ಕೊಡಿ. ಆದರೆ ‘ಅಲ್ಪಕಾಲದ ಅಸೌಖ್ಯದಿಂದ’ ಎಂಬಂಥ ಸುಳ್ಳನ್ನು ಯಾರು ಹೇಳಿದರೂ ಸೇರಿಸಬೇಡಿ. ಹೇಳದೆ ಬಿಡುವುದು ಬೇರೆ, ಇಲ್ಲದ್ದನ್ನು ಹೇಳುವುದು ಬೇರೆ.

ಇದಕ್ಕೆ ಕಾನೂನಿನ ಮಗ್ಗುಲೂ ಒಂದಿದೆ. ಸತ್ತವರಿಗೆ ಮಾನನಷ್ಟವಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನ ವಿವರಣೆಯಂತೆ, ಬದುಕಿದ್ದರೆ ಅವರ ಹೆಸರಿಗೆ ಕುಂದು ತರುತ್ತಿದ್ದಂಥ ಆರೋಪವನ್ನು ಕುಟುಂಬದವರ ಅಥವಾ ಹತ್ತಿರದ ಬಂಧುಗಳ ಮನಸ್ಸು ನೋಯಿಸುವ ಉದ್ದೇಶದಿಂದ ಮಾಡಿದರೆ ಅದು ಮಾನನಷ್ಟವಾಗಬಹುದು. ನಿಮ್ಮ ಉದ್ದೇಶ ಅದಲ್ಲ. ಆದರೂ ಜಗಳ, ಕೋರ್ಟು, ಎರಡನೆಯ ಸಂಸಾರ ಮುಂತಾದವನ್ನು ಬರೆಯುವಾಗ ಕೇಳಿದ ಮಾತಿಗೂ ಕಾಗದದಲ್ಲಿದ್ದ ಸಂಗತಿಗೂ ಇರುವ ವ್ಯತ್ಯಾಸವನ್ನು ಮರೆಯಬೇಡಿ. ಅಡ್ಡಹೆಸರುಗಳ ವಿಷಯವೂ ಇಲ್ಲಿಯೇ ಬರುತ್ತದೆ. ಅಡ್ಡಹೆಸರಿಲ್ಲದೆ ನಮ್ಮ ಊರುಗಳಲ್ಲಿ ಯಾರನ್ನೂ ಗುರುತಿಸಲಾಗದು ಎಂಬುದು ನಿಜ, ಆದರೆ ಅವುಗಳಲ್ಲಿ ಕೆಲವು ಜಾತಿಯನ್ನೋ ಅಂಗದ ಕೊರತೆಯನ್ನೋ ಹಿಡಿದು ಬೇರೆಯವರು ಕಟ್ಟಿದವು. ಆ ವ್ಯಕ್ತಿ ತಾನೇ ಓಗೊಟ್ಟು ನಗುತ್ತಿದ್ದ ಹೆಸರಾದರೆ ಬರೆಯಿರಿ. ಬೆನ್ನ ಹಿಂದೆ ಮಾತ್ರ ಆಡುತ್ತಿದ್ದದ್ದಾದರೆ ಬಿಡಿ.

ಒಬ್ಬರ ಬಗ್ಗೆ ಕನಿಷ್ಠ ನಾಲ್ವರನ್ನಾದರೂ ಕೇಳಬೇಕು, ಅವರಲ್ಲಿ ಒಬ್ಬರಾದರೂ ಬೇರೆ ಕೇರಿಯವರಾಗಿರಬೇಕು. ಒಡೆಯನಾಗಿ ಕಂಡವನು ಆಳಿಗೆ ಹೇಗೆ ಕಂಡ ಎಂಬುದು ಒಡೆಯನ ಮನೆಯಲ್ಲಿ ಸಿಗುವುದಿಲ್ಲ. ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ನ್ಯಾಯ ತೀರಿಸಲು ಹೋಗದೆ ಎರಡನ್ನೂ ಇಟ್ಟು, ಯಾರು ಹೇಳಿದ್ದು ಎಂಬುದನ್ನು ಬರೆಯಿರಿ. ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದಾದರೆ ಆರಂಭದಲ್ಲಿಯೇ ಅನುಮತಿ ಕೇಳಿ, ದಿನಾಂಕ ಮತ್ತು ಹೆಸರನ್ನು ಅವರ ಬಾಯಲ್ಲೇ ಹೇಳಿಸಿ; ಅದನ್ನು ವಾಟ್ಸಾಪ್ ಗುಂಪಿನಲ್ಲಿ ಬಿಟ್ಟು ಭದ್ರವಾಯಿತೆಂದು ತಿಳಿಯಬೇಡಿ, ಬೇರೆ ಬೇರೆ ಮನೆಗಳಲ್ಲಿರುವ ಮೂರು ಕಡೆ ಪ್ರತಿ ಇರಲಿ. ಅಚ್ಚಿಗೆ ಮುಂಚೆ ಪ್ರತಿ ಮನೆಗೂ ಹೋಗಿ ಅವರ ಭಾಗವನ್ನು ಗಟ್ಟಿಯಾಗಿ ಓದಿ ಕೇಳಿಸಿ. ಕೈಗೆ ಕೊಟ್ಟು ಬಂದರೆ ಓದು ಬಲ್ಲ ಮೊಮ್ಮಗನ ಅಭಿಪ್ರಾಯ ಮಾತ್ರ ಬರುತ್ತದೆ. ಇನ್ನೂರು ಪ್ರತಿ ಸಾಕು. ಒಂದನ್ನು ಶಾಲೆಗೆ, ಒಂದನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಒಂದನ್ನು ಹಾಸನದ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಕೊಡಿ. ಬಣ್ಣದ ಹೊದಿಕೆಗೆ ಹಾಕುವ ಹಣವನ್ನು ಒಳ್ಳೆಯ ಕಾಗದಕ್ಕೂ ಗಟ್ಟಿ ಹೊಲಿಗೆಗೂ ಹಾಕಿ.

ಎಲ್ಲಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ಪಟ್ಟಿಯ ಮೊದಲನೆಯವರಿಂದ ಬೇಡ; ಊರಿನ ಮಾಜಿ ಅಧ್ಯಕ್ಷರಾದ ಅವರ ಬಗ್ಗೆ ಹೇಳುವವರು ಇನ್ನು ಇಪ್ಪತ್ತು ವರ್ಷ ಇರುತ್ತಾರೆ. ಏಳನೆಯ ಹೆಸರಿನ ಅಜ್ಜಿಯ ಮುಂದೆ ನೀವು ‘ಮಾಹಿತಿ ಇಲ್ಲ, ತಂಗಿಯೊಬ್ಬರು ಅರಸೀಕೆರೆಯ ಕಡೆ ಇದ್ದಾರೆ, ತೊಂಬತ್ತರ ಹತ್ತಿರ’ ಎಂದು ಬರೆದಿದ್ದೀರಿ. ಉಳಿದ ಕೆಲಸವನ್ನು ಬದಿಗಿಟ್ಟು ಈ ವಾರವೇ ಅಲ್ಲಿಗೆ ಹೋಗಿ. ಹೋಗುವಾಗ ಅಜ್ಜಿಯ ಸೊಸೆಯನ್ನೋ ಮೊಮ್ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ, ಮನೆಯಲ್ಲಿರುವ ಯಾವುದಾದರೂ ಹಳೆಯ ಫೋಟೋ ತೆಗೆದುಕೊಳ್ಳಿ. ಅವರಿಗೆ ದಣಿವಾಗುವ ಮೊದಲೇ ಏಳಿ, ಇನ್ನೊಂದು ದಿನ ಮತ್ತೆ ಬರುವುದಾಗಿ ಹೇಳಿ ಬನ್ನಿ.